ಚಿತ್ರ ಕಾಣದಿದ್ದರೆ

ನಾನು ಕಲಿಸುತ್ತಿದ್ದ ಕಂಪ್ಯೂಟರ್ ಕ್ಲಾಸು ಮುಚ್ಚಿದ ವರ್ಷ ವಿಜಯಪುರದ ಒಂದು ಖಾಸಗಿ ಆಸ್ಪತ್ರೆಯಲ್ಲಿ ನನಗೆ ಕೆಲಸ ಸಿಕ್ಕಿತು. ಹನ್ನೊಂದು ತಿಂಗಳ ಕರಾರು. ಅದು ಮುಗಿದ ಮೇಲೆ ಒಂದು ದಿನ ಮನೆಯಲ್ಲಿ ಕೂತು, ಮರುದಿನ ಹೊಸ ಕಾಗದಕ್ಕೆ ಸಹಿ ಹಾಕಬೇಕು. ಹಾಕಿಸಿಕೊಳ್ಳುವುದು ಬಿಡುವುದು ಅವರಿಗೆ ಬಿಟ್ಟದ್ದು.

ಆ ಆಸ್ಪತ್ರೆಗೆ ತಿಕೋಟಾ, ಬಬಲೇಶ್ವರ ಮತ್ತು ತೊರವಿಯಲ್ಲಿ ಮೂರು ಸಣ್ಣ ಕ್ಲಿನಿಕ್‌ಗಳಿದ್ದವು. ವಾರಕ್ಕೆರಡು ದಿನ ಡಾಕ್ಟರು ಹೋಗಿ ಬರುತ್ತಿದ್ದರು. ಉಳಿದ ದಿನಗಳಲ್ಲಿ ಒಬ್ಬ ನರ್ಸು, ಮತ್ತು ರೋಗಿಗಳ ಹೆಸರು, ಕಾಯಿಲೆ, ಗುಳಿಗೆ ಎಲ್ಲವನ್ನೂ ಕಂಪ್ಯೂಟರಿಗೆ ಏರಿಸುವ ಒಬ್ಬ ಹೆಣ್ಣುಮಗಳು. ಹಳೆಯ ಸಾಫ್ಟ್‌ವೇರ್ ತೆಗೆದು ಹೊಸದನ್ನು ತಂದಿದ್ದರು. ಕಂಪ್ಯೂಟರಿನ ಮುಂದೆ ಕೂರುವ ಆ ಮೂವರಿಗೆ ಅದನ್ನು ಕಲಿಸುವುದು ನನ್ನ ಪಾಲಿಗೆ ಬಂತು.

ನಮ್ಮದು ಸಿದ್ಧೇಶ್ವರ ಗುಡಿಯ ಹಿಂದಿನ ಓಣಿಯಲ್ಲಿ ಎರಡು ಕೋಣೆಯ ಬಾಡಿಗೆ ಮನೆ. ಅಪ್ಪ ಮತ್ತು ನಾನು ಇಬ್ಬರೇ. ಅಪ್ಪ ಮೂವತ್ತು ವರ್ಷ ಒಂದು ಕಚೇರಿಯಲ್ಲಿ ಸಿಪಾಯಿಯಾಗಿ ಬೇರೆಯವರ ಫೈಲುಗಳನ್ನು ಟೇಬಲಿನಿಂದ ಟೇಬಲಿಗೆ ಹೊತ್ತವರು. ಆ ಮನೆ ಸಿಗುವ ಮುಂಚೆ ಏಳೆಂಟು ಮನೆ ನೋಡಿದ್ದೆವು. ಎಲ್ಲ ಕಡೆ ಮೊದಲು ನನ್ನ ನೌಕರಿ ಕೇಳುತ್ತಿದ್ದರು, ಆಮೇಲೆ ಅಡ್ಡಹೆಸರು ಕೇಳುತ್ತಿದ್ದರು, ಆಮೇಲೆ ಮನೆ ಯಾರಿಗೋ ಮಾತಾಗಿದೆ ಎನ್ನುತ್ತಿದ್ದರು. ಈ ಮಾಲೀಕರು ಅಡ್ಡಹೆಸರು ಕೇಳಿಯೂ ಕೊಟ್ಟರು. ಆಸ್ಪತ್ರೆಯಲ್ಲಿ ಕೆಲಸ ಎನ್ನುವ ಮಾತು ಅವರಿಗೆ ಧೈರ್ಯ ಕೊಟ್ಟಿರಬೇಕು. ಅಪ್ಪ ಗೋಡೆಗೆ ಬುದ್ಧನ ಫೋಟೋ ಹಾಕಲು ಮೊಳೆ ಹೊಡೆಯುವಾಗ ಎರಡು ಸಲ ಬಾಗಿಲಿನ ಕಡೆ ನೋಡಿದ್ದು ನನಗೆ ನೆನಪಿದೆ. ಆ ಕೆಲಸ ನನಗೆ ಬರೀ ಸಂಬಳವಾಗಿರಲಿಲ್ಲ ಎಂದು ಹೇಳಲು ಇಷ್ಟು ಬರೆದೆ. ಮುಂದೆ ನಾನು ಮಾಡಿದ್ದಕ್ಕೆ ಅದು ಸಮಜಾಯಿಷಿಯಲ್ಲ.

ತರಬೇತಿಗೆಂದು ಮೂವರೂ ಒಂದು ದಿನ ವಿಜಯಪುರಕ್ಕೆ ಬಂದರು. ಬಬಲೇಶ್ವರದ ಕ್ಲಿನಿಕ್ಕಿನವಳು ನಿಡೋಣಿಯಿಂದ ದಿನಾ ಬಸ್ಸಿನಲ್ಲಿ ಓಡಾಡುವವಳು. ಮೂವತ್ತರ ಆಸುಪಾಸು, ಬಿ.ಎ. ಮುಗಿಸಿದ್ದಳು, ಗಂಡ ತೀರಿಕೊಂಡು ತವರುಮನೆಯಲ್ಲಿದ್ದಳು, ಶಾಲೆಗೆ ಹೋಗುವ ಒಬ್ಬ ಮಗಳು. ಮುಂದಿನ ಬೆಂಚಿನಲ್ಲಿ ಕೂತು ನಾನು ಹೇಳಿದ್ದನ್ನೆಲ್ಲ ಬರೆದುಕೊಳ್ಳುತ್ತಿದ್ದಳು, ಪ್ರತಿ ಹತ್ತು ನಿಮಿಷಕ್ಕೊಂದು ಪ್ರಶ್ನೆ ಕೇಳುತ್ತಿದ್ದಳು. ಒತ್ತಿದ್ದು ತಪ್ಪಾದರೆ ಹಿಂದಕ್ಕೆ ಬರುತ್ತದೆಯೇ, ಕರೆಂಟು ಹೋದರೆ ಬರೆದದ್ದು ಉಳಿಯುತ್ತದೆಯೇ. ಮಧ್ಯಾಹ್ನದ ಹೊತ್ತಿಗೆ ನನಗೆ ಬೇಸರ ಬಂತು. ಎಲ್ಲ ವಿಡಿಯೋ ಮಾಡಿ ಕಳಿಸುತ್ತೇನೆ, ಎಷ್ಟು ಸಲ ಬೇಕಾದರೂ ನೋಡಿಕೊಳ್ಳಿ ಎಂದು ಹೇಳಿ ಮುಗಿಸಿದೆ. ಒಂದು ದಿನದಲ್ಲಿ ಕಲಿಯುವಂಥದ್ದಾಗಿರಲಿಲ್ಲ ಅದು. ಆದರೆ ಎರಡನೆಯ ದಿನಕ್ಕೆ ಆಸ್ಪತ್ರೆ ಅವರನ್ನು ಬಿಟ್ಟುಕೊಡುವಂತಿರಲಿಲ್ಲ.

ವಿಡಿಯೋಗಳನ್ನು ನಾನು ಮನೆಯಲ್ಲೇ ಮಾಡಿದೆ. ನನ್ನ ಲ್ಯಾಪ್‌ಟಾಪಿನ ಪರದೆಯ ಮೇಲೆ ನಾನು ಮಾಡುವುದೆಲ್ಲ ಹಾಗೇ ದಾಖಲಾಗುತ್ತಿತ್ತು, ಜೊತೆಗೆ ನನ್ನ ಮಾತು. ಓಣಿಯ ಗದ್ದಲ ಕೇಳಬಾರದೆಂದು ಕಿಟಕಿಗೆ ಕೌದಿ ಕಟ್ಟುತ್ತಿದ್ದೆ. ಅಪ್ಪ ಹೊರಗಿನ ಕಟ್ಟೆಯ ಮೇಲೆ ಕೂತು, ಬಂದವರಿಗೆಲ್ಲ ಒಳಗೆ ರೆಕಾರ್ಡಿಂಗ್ ನಡೆದಿದೆ ಎಂದು ಕೈಸನ್ನೆ ಮಾಡಿ ಹೇಳುತ್ತಿದ್ದರು. ಆದರೂ ಎರಡನೆಯ ವಿಡಿಯೋದಲ್ಲಿ ಕೊತ್ತಂಬರಿ ಮಾರುವವನ ಕೂಗು ಸೇರಿಕೊಂಡಿತು. ಒಟ್ಟು ಹನ್ನೊಂದು ವಿಡಿಯೋ. ನನಗೆ ಅವುಗಳ ಬಗ್ಗೆ ಹೆಮ್ಮೆಯಿತ್ತು. ಬಾಣದ ಗುರುತನ್ನು ಪರದೆಯ ಮೇಲೆ ನಿಧಾನವಾಗಿ ಓಡಿಸುತ್ತ, "ಇಲ್ಲಿ ನೋಡಿ, ಇದನ್ನು ಒತ್ತಿ, ಈಗ ಇಲ್ಲಿಗೆ ಬನ್ನಿ" ಎಂದು ಹೇಳಿಕೊಡುತ್ತಿದ್ದೆ. ಮಕ್ಕಳ ಕೈಹಿಡಿದು ತಿದ್ದಿಸಿದ ಹಾಗೆ.

ಕ್ಲಿನಿಕ್ಕಿನ ಕಂಪ್ಯೂಟರುಗಳಿಗೆ ಬೀಗ ಹಾಕಿದ್ದರು. ಹಿಂದೆ ಯಾರೋ ಪೆನ್ ಡ್ರೈವ್ ಹಾಕಿ ಸಿನಿಮಾ ಹಾಡು ಕೇಳಲು ಹೋಗಿ ವೈರಸ್ ಹೊಕ್ಕು ಒಂದು ವಾರದ ದಾಖಲೆಗಳು ಹೋಗಿದ್ದವಂತೆ. ಅಂದಿನಿಂದ ಹೊಸದೇನನ್ನೂ ಅವುಗಳಲ್ಲಿ ಹಾಕುವಂತಿಲ್ಲ. ಏನೇ ಹಾಕಬೇಕೆಂದರೂ ಪಾಸ್‌ವರ್ಡ್ ಬೇಕು. ಪಾಸ್‌ವರ್ಡ್ ಬೇರೆ ಊರಿನ ಒಂದು ಗುತ್ತಿಗೆ ಕಂಪನಿಯವರ ಕೈಯಲ್ಲಿ. ಮೊಬೈಲಿಗೆ ವಿಡಿಯೋ ಕಳಿಸೋಣವೆಂದರೆ ಅದಕ್ಕೂ ಆಡಳಿತಾಧಿಕಾರಿ ಒಪ್ಪಲಿಲ್ಲ. ವಿಡಿಯೋದಲ್ಲಿ ರೋಗಿಗಳ ಹೆಸರು ಕಾಣುತ್ತವೆ, ಅವು ಹೊರಗೆ ಹೋಗಬಾರದು ಎಂದರು. ಅದು ನ್ಯಾಯದ ಮಾತೇ ಆಗಿತ್ತು. ಹಾಗಾಗಿ ಆಸ್ಪತ್ರೆಯ ಕಂಪ್ಯೂಟರುಗಳಲ್ಲಿ ಮಾತ್ರ ತೆರೆಯುವ ಒಂದು ಫೋಲ್ಡರಿಗೆ ಹನ್ನೊಂದನ್ನೂ ಹಾಕುವುದು ಎಂದಾಯಿತು. ಒಂದೊಂದು ತಯಾರಾದ ಹಾಗೆ ಹಾಕುತ್ತಾ ಹೋದೆ. ಜೊತೆಗೆ ಒಂದು ಪುಟದ ಸೂಚನೆ. ಅದರ ಕೊನೆಯ ಸಾಲು ನನಗೆ ಇವತ್ತಿಗೂ ಬಾಯಿಪಾಠ: "ಚಿತ್ರ ಕಾಣದಿದ್ದರೆ ಈ ಕೆಳಗಿನ ಪ್ಲೇಯರ್ ಇನ್‌ಸ್ಟಾಲ್ ಮಾಡಿಕೊಳ್ಳಿ."

ಏನನ್ನೂ ಇನ್‌ಸ್ಟಾಲ್ ಮಾಡಲಾಗದವರಿಗೆ ನಾನು ಬರೆದ ಸಾಲು ಅದು. ಬೀಗದ ವಿಷಯ ನನಗೆ ಗೊತ್ತಿತ್ತು. ಅವರು ಹಾಕಿಕೊಳ್ಳಲಾರರು ಎನ್ನುವುದೂ ಆ ಸಾಲೂ ನನ್ನ ತಲೆಯಲ್ಲಿ ಒಂದಕ್ಕೊಂದು ತಾಗಲೇ ಇಲ್ಲ. ನನ್ನ ಲ್ಯಾಪ್‌ಟಾಪಿನಲ್ಲಿ ವಿಡಿಯೋ ಚೆನ್ನಾಗಿ ಓಡುತ್ತಿತ್ತು, ಏಕೆಂದರೆ ಆ ಪ್ಲೇಯರ್ ಅದರಲ್ಲಿ ಮೊದಲೇ ಇತ್ತು. ಕ್ಲಿನಿಕ್ಕಿನ ಒಂದು ಕಂಪ್ಯೂಟರಿನಲ್ಲಿ ಕೂತು ಒಂದು ಸಲ ನೋಡಬೇಕೆಂದು ನನಗೆ ಹೊಳೆಯಲಿಲ್ಲ. ತೊರವಿಯ ಕ್ಲಿನಿಕ್ಕು ನಮ್ಮ ಆಸ್ಪತ್ರೆಯಿಂದ ಸಿಟಿ ಬಸ್ಸಿನಲ್ಲಿ ಅರ್ಧ ತಾಸಿನ ದಾರಿ.

ಏಳನೆಯ ವಿಡಿಯೋ ಮಾಡುತ್ತಿದ್ದಾಗ ಫೋನು ಬಂತು. ಬಂದ್ ಮಾಡಿ ಇಡಲು ಮರೆತಿದ್ದೆ. ಅರ್ಧಕ್ಕೆ ಬಂದ ರೆಕಾರ್ಡಿಂಗ್ ಹಾಳಾಗಿ ಮೊದಲಿನಿಂದ ಶುರುಮಾಡಬೇಕಾಯಿತು. ನಿಡೋಣಿಯವಳು ಮಾತಾಡುತ್ತಿದ್ದಳು. ವಿಡಿಯೋ ಸರಿಯಾಗಿ ಬರುತ್ತಿಲ್ಲ ಎಂದಳು. ನಾನು ಪೂರ್ತಿ ಕೇಳಲಿಲ್ಲ. ಸೂಚನೆಯ ಪುಟ ಓದಿ, ಅದರಲ್ಲಿ ಎಲ್ಲ ಬರೆದಿದ್ದೇನೆ ಎಂದೆ.

"ಓದೇನ್ರಿ ಅಕ್ಕಾರ. ಅದನ್ನ ಹಾಕಾಕ ಹೋದ್ರ ಪಾಸ್‌ವರ್ಡ್ ಕೇಳತೈತ್ರಿ."

"ಹೆಡ್ಡಾಫೀಸಿಗಿ ಕೇಳ್ರಿ, ಕೊಡ್ತಾರ" ಎಂದು ಹೇಳಿ ಫೋನ್ ಇಟ್ಟೆ.

ಅವಳು ವಿಜಯಪುರದ ಆಸ್ಪತ್ರೆಯ ಕಚೇರಿಗೆ ಕೇಳಿದಳು. ಮೂರು ಸಲ ಕೇಳಿದಳೆಂದು ಆಮೇಲೆ ತಿಳಿಯಿತು. ಪಾಸ್‌ವರ್ಡ್ ಕೊಡುವ ಪದ್ಧತಿ ಇಲ್ಲ, ಸೂಚನೆಯ ಪುಟ ಓದಿಕೊಳ್ಳಿ ಎಂದರಂತೆ.

ಹೊಸ ಸಾಫ್ಟ್‌ವೇರಿನಲ್ಲಿ ಒಂದು ಕೆಟ್ಟ ಜಾಗವಿತ್ತು. ಹೊಸ ರೋಗಿಯ ಹೆಸರು ಬರೆದಾಗ, ಅದೇ ಹೆಸರಿನವರು ಮೊದಲೇ ಇದ್ದರೆ, ಇವರಿಬ್ಬರೂ ಒಬ್ಬರೇ ಏನು ಎಂದು ಅದು ಕೇಳುತ್ತಿತ್ತು. ಕೆಳಗೆ ಎರಡು ಗುಂಡಿ. ಒಂದರ ಮೇಲೆ ಓಕೆ, ಇನ್ನೊಂದರ ಮೇಲೆ ಕನ್ಫರ್ಮ್. ಒಂದನ್ನು ಒತ್ತಿದರೆ ಇಬ್ಬರೂ ಬೇರೆ ಬೇರೆಯಾಗಿ ಉಳಿಯುತ್ತಿದ್ದರು. ಇನ್ನೊಂದನ್ನು ಒತ್ತಿದರೆ ಇಬ್ಬರ ದಾಖಲೆಯೂ ಕೂಡಿ ಒಂದಾಗುತ್ತಿತ್ತು. ಬರೆದದ್ದನ್ನು ಓದಿ ಯಾವುದು ಯಾವುದೆಂದು ಹೇಳಲು ದೇವರಿಂದಲೂ ಸಾಧ್ಯವಿರಲಿಲ್ಲ. ಅದಕ್ಕೇ ಮೂರನೆಯ ವಿಡಿಯೋ ಪೂರ್ತಿ ಅದರ ಮೇಲೆಯೇ ಮಾಡಿದ್ದೆ. "ಇಬ್ಬರೂ ಬೇರೆಯಾದರೆ ಇದನ್ನು ಒತ್ತಿ, ಪಕ್ಕದ್ದನ್ನು ಮಾತ್ರ ಮುಟ್ಟಬೇಡಿ" ಎಂದು ಬಾಣವನ್ನು ಅದರ ಸುತ್ತ ಮೂರು ಸಲ ತಿರುಗಿಸಿ ತೋರಿಸಿದ್ದೆ.

ನಮ್ಮ ಕಡೆ ಒಂದು ಊರಿನಲ್ಲಿ ಒಂದೇ ಹೆಸರಿನ ಹತ್ತು ಜನ ಸಿಗುತ್ತಾರೆ. ನಿಡೋಣಿಯಿಂದ ಬಬಲೇಶ್ವರದ ಕ್ಲಿನಿಕ್ಕಿಗೆ ಬರುತ್ತಿದ್ದ ಇಬ್ಬರು ಹೆಂಗಸರ ಹೆಸರು ಒಂದೇ, ಗಂಡಂದಿರ ಹೆಸರೂ ಒಂದೇ, ವಯಸ್ಸೂ ಹೆಚ್ಚುಕಡಿಮೆ ಒಂದೇ. ಒಬ್ಬರಿಗೆ ಶುಗರ್ ಇತ್ತು. ಇನ್ನೊಬ್ಬರಿಗೆ ಮೊಣಕಾಲು ನೋವು ಬಿಟ್ಟರೆ ಏನೂ ಇರಲಿಲ್ಲ. ಇಬ್ಬರ ದಾಖಲೆಯೂ ಕೂಡಿಹೋಯಿತು. ಮೊಣಕಾಲು ನೋವಿನವರು ಬಂದ ದಿನ ಕಂಪ್ಯೂಟರ್ ಶುಗರ್ ಗುಳಿಗೆಯ ಚೀಟಿ ಕೊಟ್ಟಿತು. ನರ್ಸು ಚೀಟಿ ನೋಡಿ ಗುಳಿಗೆ ಕೊಟ್ಟರು. ಆ ತಾಯಿ ದಿನಕ್ಕೆರಡರಂತೆ ನುಂಗಿ ನಾಲ್ಕನೆಯ ದಿನ ಮಗಳ ಮನೆಯ ಬಚ್ಚಲಲ್ಲಿ ಎಚ್ಚರ ತಪ್ಪಿ ಬಿದ್ದರು. ಎರಡು ದಿನ ಆಸ್ಪತ್ರೆಯಲ್ಲಿದ್ದು ಹುಷಾರಾದರು. ಆದರೆ ಅವರ ಮಕ್ಕಳು ಸುಮ್ಮನಿರಲಿಲ್ಲ. ಆಸ್ಪತ್ರೆಯ ಬಾಗಿಲಲ್ಲಿ ಇಡೀ ಒಂದು ಬೆಳಗ್ಗೆ ಜನ ಸೇರಿದ್ದರು.

ಆ ವಾರದಲ್ಲೇ ನಿಡೋಣಿಯವಳನ್ನು ಕೆಲಸದಿಂದ ತೆಗೆದರು. ನರ್ಸಿಗೆ ಏನೂ ಆಗಲಿಲ್ಲ. ಹಳ್ಳಿಗೆ ಹೋಗಿ ಕೆಲಸ ಮಾಡುವ ನರ್ಸು ಸಿಗುವುದು ಕಷ್ಟ. ಬಿ.ಎ. ಓದಿದ ಹೆಣ್ಣುಮಗಳು ಸಿಗುವುದು ಕಷ್ಟವಲ್ಲ.

ಆಡಳಿತಾಧಿಕಾರಿ ನನ್ನನ್ನು ಕರೆಸಿದರು. ಆ ಗುಂಡಿಯ ಬಗ್ಗೆ ಕಲಿಸಿದ್ದೀರೋ ಇಲ್ಲವೋ ಎಂದು ಕೇಳಿದರು. ಮೂರನೆಯ ವಿಡಿಯೋವನ್ನು ನನ್ನ ಲ್ಯಾಪ್‌ಟಾಪಿನಲ್ಲಿ ಹಚ್ಚಿ ತೋರಿಸಿದೆ. ಅವರು ಪೂರ್ತಿ ನೋಡಿ, ಇಷ್ಟು ಸ್ಪಷ್ಟವಾಗಿ ಹೇಳಿಕೊಟ್ಟಮೇಲೂ ಹೀಗೆ ಮಾಡಿದರೆ ಯಾರಿಂದ ಏನು ಮಾಡಲಾಗುತ್ತದೆ ಎಂದರು. ಹಾಗೆಂದು ಬರೆದುಕೊಡಲು ಹೇಳಿದರು. ನಾನು ಬರೆದೆ. ವಿಡಿಯೋ ಸಕಾಲದಲ್ಲಿ ಕಳಿಸಲಾಗಿದೆ, ಸದರಿ ಹಂತವನ್ನು ಅದರಲ್ಲಿ ಸ್ಪಷ್ಟವಾಗಿ ತೋರಿಸಲಾಗಿದೆ, ಸೂಚನೆಯ ಪುಟವನ್ನೂ ಒದಗಿಸಲಾಗಿದೆ. ಒಂದೊಂದು ಶಬ್ದವೂ ನಿಜ. ಬರೆಯುವಾಗ ಆ ಫೋನು ನೆನಪಾಯಿತು. ಪಾಸ್‌ವರ್ಡ್ ಸಿಕ್ಕಿರಬೇಕು, ಇಲ್ಲದಿದ್ದರೆ ಮತ್ತೆ ಫೋನ್ ಮಾಡುತ್ತಿದ್ದಳು ಎಂದುಕೊಂಡೆ. ನಿಜ ಹೇಳಬೇಕೆಂದರೆ ಆಗ ನನಗೆ ಅವಳ ಮೇಲೆ ಸಿಟ್ಟೇ ಇತ್ತು. ಅಷ್ಟೆಲ್ಲ ಪ್ರಶ್ನೆ ಕೇಳಿದವಳು ಮಾಡಿದ್ದು ಇದನ್ನೇ ಎಂದು.

ಉಳಿದ ಇಬ್ಬರಿಗೆ ಮತ್ತೊಮ್ಮೆ ತಿಳಿಹೇಳಿ ಬರಲು ನನ್ನನ್ನು ಕಳಿಸಿದರು. ಮೊದಲು ತಿಕೋಟಾಕ್ಕೆ ಹೋದೆ. ಕ್ಲಿನಿಕ್ಕು ಬಸ್ ಸ್ಟ್ಯಾಂಡಿನಿಂದ ನಾಲ್ಕು ಹೆಜ್ಜೆ, ಗೊಬ್ಬರದ ಅಂಗಡಿಯ ಪಕ್ಕದಲ್ಲಿ. ಅಲ್ಲಿ ಕಂಪ್ಯೂಟರಿನ ಕೆಲಸ ಮಾಡುವ ಹೆಂಗಸು ನನಗಿಂತ ದೊಡ್ಡವರು, ಬಾಗಿಲಿಗೆ ಬೆನ್ನು ಮಾಡಿ ಕೂತಿದ್ದರು. ನಾನು ನಮಸ್ಕಾರ ಎಂದ ಕೂಡಲೇ ತಿರುಗಿ ನೋಡದೆ ನನ್ನ ಗುರುತು ಹಿಡಿದರು. ನಿಮ್ಮ ದನಿ ನಮಗೆ ಚೆನ್ನಾಗಿ ಪರಿಚಯ, ಎರಡನೆಯ ವಿಡಿಯೋದಲ್ಲಿ ಕೊತ್ತಂಬರಿಯವನು ಕೂಗುವುದು ಸಹ ಬಾಯಿಪಾಠವಾಗಿದೆ ಎಂದು ನಕ್ಕರು. ನನಗೆ ಖುಷಿಯಾಯಿತು. ಅಷ್ಟು ಸಲ ನೋಡಿದ್ದಾರಲ್ಲ ಎಂದುಕೊಂಡೆ.

ಚಹಾ ಕುಡಿದು, ಮೂರನೆಯ ವಿಡಿಯೋ ಹಚ್ಚಿ, ಗುಂಡಿ ತೋರಿಸುತ್ತೇನೆ ಎಂದೆ.

"ತೋರಸೂದೇನೈತ್ರಿ ಅದರಾಗ?" ಎಂದರು. "ಕೇಳೂದಷ್ಟ ಐತಿ."

ಅವರು ವಿಡಿಯೋ ಹಚ್ಚಿದರು. ಪರದೆಯ ಮೇಲೆ ಒಂದು ಸಣ್ಣ ಚೌಕ ಬಂದು ಇಂಗ್ಲಿಷಿನಲ್ಲಿ ಏನೋ ಹೇಳಿತು. ಅವರು ಅದನ್ನು ಓದದೆ ಮುಚ್ಚಿದರು, ದಿನಾ ಮುಚ್ಚಿ ರೂಢಿಯಾದವರ ಹಾಗೆ. ಪರದೆ ಕಪ್ಪಾಯಿತು. ಕಪ್ಪಾಗಿಯೇ ಉಳಿಯಿತು. ಒಳಗಿನಿಂದ ನನ್ನ ದನಿ ಬರತೊಡಗಿತು. "ಇಲ್ಲಿ ನೋಡಿ. ಇದನ್ನು ಒತ್ತಿ. ಈಗ ಇಲ್ಲಿಗೆ ಬನ್ನಿ. ಇಬ್ಬರೂ ಬೇರೆಯಾದರೆ ಇದನ್ನು ಒತ್ತಿ, ಪಕ್ಕದ್ದನ್ನು ಮಾತ್ರ ಮುಟ್ಟಬೇಡಿ. ಗೊತ್ತಾಯಿತಲ್ಲ?"

ಆ "ಗೊತ್ತಾಯಿತಲ್ಲ" ಎನ್ನುವುದನ್ನು ನಾನು ಎಂಥ ಸಮಾಧಾನದಿಂದ ಹೇಳಿದ್ದೆ.

ಮೊದಲಿನಿಂದಲೂ ಹೀಗೆಯೇ ಏನು ಎಂದು ಕೇಳಿದೆ. ಮೂರೂ ಕಡೆ ಹೀಗೆಯೇ ಎಂದರು. ರೇಡಿಯೋ ಕೇಳಿದ ಹಾಗೆ ಕೇಳಿ, ಒಬ್ಬರಿಗೊಬ್ಬರು ಫೋನ್ ಮಾಡಿ, ಅಂದಾಜಿನ ಮೇಲೆ ಕಲಿತಿದ್ದರಂತೆ. ನೀವು ಯಾವ ಗುಂಡಿ ಒತ್ತುತ್ತೀರಿ ಎಂದು ಕೇಳಿದೆ. ಕನ್ಫರ್ಮ್ ಎಂದರು. ಅದು ತಪ್ಪು ಗುಂಡಿ. ಹುಡುಕಿ ನೋಡಿದಾಗ ತಿಕೋಟಾದಲ್ಲೂ ಆರು ಜೋಡಿ ಹೆಸರು ಕೂಡಿಕೊಂಡಿದ್ದವು. ನೆಗಡಿ, ಹಲ್ಲುನೋವು, ಕಜ್ಜಿಯಂಥ ಕಾಯಿಲೆಯವರು. ಯಾರೂ ಬಿದ್ದಿರಲಿಲ್ಲ, ಅದಕ್ಕೇ ಯಾರೂ ಕೇಳಿರಲಿಲ್ಲ. ಇದನ್ನು ಯಾರಿಗೂ ಹೇಳಬೇಡಿ ಎಂದು ಆ ಹೆಂಗಸು ನನ್ನ ಕೈ ಹಿಡಿದರು. ಆ ಆರನ್ನೂ ಸದ್ದಿಲ್ಲದೆ ಬಿಡಿಸಿಕೊಟ್ಟೆ.

ಮರುದಿನ ಆಡಳಿತಾಧಿಕಾರಿಯ ಕೋಣೆಗೆ ಹೋಗಿ ವಿಡಿಯೋದ ವಿಷಯ ಹೇಳಿದೆ. ಅವರು ಸಿಟ್ಟಾಗಲಿಲ್ಲ. ನನಗೂ ಚಹಾ ತರಿಸಿದರು. ಚಿತ್ರ ಬರುತ್ತಿಲ್ಲವೆಂದು ಅವಳು ಒಂದು ಮಾತು ಹೇಳಬೇಕಿತ್ತಲ್ಲ ಎಂದರು. ನನಗೆ ಹೇಳಿದ್ದಳು, ಹೆಡ್ಡಾಫೀಸಿಗೂ ಹೇಳಿದ್ದಾಳೆ ಎಂದೆ.

"ಹಂಗಾರ ತಪ್ಪು ನಿಮ್ಮದಾತಲ್ರಿ ಮೇಡಂ" ಎಂದರು. "ಮೊದಲ ಬರದು ಕೊಟ್ಟದ್ದು ಸುಳ್ಳು ಅಂತ ಈಗ ಬರದು ಕೊಡ್ತೀರೇನು? ನಿಮ್ಮ ಕರಾರಿನ ಕಾಗದ ಈ ತಿಂಗಳ ನನ್ನ ಟೇಬಲ್ ಮ್ಯಾಲ ಐತಿ. ವಿಚಾರ ಮಾಡ್ರಿ."

ವಿಚಾರ ಮಾಡುತ್ತೇನೆ ಎಂದು ಎದ್ದುಬಂದೆ. ಮಾಡುವಂಥ ವಿಚಾರವೇನೂ ಇರಲಿಲ್ಲ. ಅವರ ಕೋಣೆಯಿಂದ ಹೊರಗೆ ಬರುವಾಗಲೇ ನಾನು ಬರೆದುಕೊಡುವುದಿಲ್ಲ ಎಂದು ನನಗೆ ಗೊತ್ತಿತ್ತು.

ಅಂದು ಮಧ್ಯಾಹ್ನ ಕೂತು ಹನ್ನೊಂದೂ ವಿಡಿಯೋಗಳನ್ನು ಬೇರೆ ನಮೂನೆಯಲ್ಲಿ ಉಳಿಸಿದೆ. ಕ್ಲಿನಿಕ್ಕಿನ ಕಂಪ್ಯೂಟರಿನಲ್ಲಿ ಇಂಟರ್‌ನೆಟ್ ನೋಡುವ ಬ್ರೌಸರ್ ಇದ್ದೇ ಇತ್ತು. ಅದರಲ್ಲೇ ತೆರೆಯುವ ಹಾಗೆ ಮಾಡಿದೆ. ಯಾವ ಪ್ಲೇಯರೂ ಬೇಡ, ಯಾವ ಪಾಸ್‌ವರ್ಡೂ ಬೇಡ. ಸಂಜೆ ಐದಕ್ಕೆ ಮುಗಿಯಿತು. ತೊರವಿಗೆ ಹೋಗಿ ಹಚ್ಚಿ ನೋಡಿದೆ. ಪರದೆಯ ಮೇಲೆ ಬಾಣ ಸುಂದರವಾಗಿ ಓಡಾಡಿತು. ನಾನು ಮೊದಲೇ ಮಾಡದ ಒಂದು ಮಧ್ಯಾಹ್ನದ ಕೆಲಸಕ್ಕೆ ಅವಳ ನೌಕರಿ ಹೋಗಿತ್ತು.

ಅಪ್ಪನಿಗೆ ಎಲ್ಲವನ್ನೂ ಹೇಳಿದೆ. ಅವರು ಒಂದೇ ಮಾತು ಕೇಳಿದರು, "ಆಕಿ ಬಗ್ಗೆ ನೀನು ಏನಂತ ಬರದಿ ಯವ್ವಾ?" ನಾನು ಬರೆದದ್ದರ ಪ್ರತಿಯನ್ನು ಓದಿ ಹೇಳಿದೆ. ಸದರಿ ಎನ್ನುವ ಶಬ್ದ ಇರುವ ಕಾಗದಗಳನ್ನು ಕಚೇರಿಯಲ್ಲಿ ತಾವು ಬಹಳ ಹೊತ್ತಿರುವುದಾಗಿ ಅವರು ಹೇಳಿದರು. ಬರೆ ಎಂದು ಹೇಳಲಿಲ್ಲ, ಬರೆಯಬೇಡ ಎಂದೂ ಹೇಳಲಿಲ್ಲ. ಅವರಿಗೂ ಆ ಮನೆ ಬೇಕಾಗಿತ್ತು.

ಮುಂದಿನ ರವಿವಾರ ನಿಡೋಣಿಗೆ ಹೋದೆ. ಯಾಕೆ ಹೋದೆನೆಂದು ಈಗಲೂ ಸರಿಯಾಗಿ ಹೇಳಲಾರೆ. ತಪ್ಪು ನನ್ನದು ಎಂದು ಅವಳ ಮುಂದೆ ಹೇಳಿಬಿಟ್ಟರೆ ಕಾಗದದ ಮೇಲೆ ಬರೆಯುವುದು ತಪ್ಪೀತು ಎಂದು ಅನಿಸಿರಬೇಕು. ಅವಳ ತಾಯಿ ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದರು. ಮಗಳನ್ನು ಕೆಲಸದಿಂದ ತೆಗೆದ ಆಸ್ಪತ್ರೆಯಿಂದ ಬಂದವಳೆಂದು ಗೊತ್ತಾದ ಮೇಲೂ ನನಗೆ ನೀರು ಕೊಟ್ಟು ಚಾಪೆ ಹಾಸಿದರು. ಅವಳು ಒಳಗಿನಿಂದ ಬಂದು ಎದುರಿಗೆ ಕೂತಳು. ನಾನು ಹೇಳಿದ್ದನ್ನೆಲ್ಲ ಕೇಳಿದಳು. ವಿಡಿಯೋ ಈಗ ಸರಿಮಾಡಿದ್ದೇನೆ ಎಂದೂ ಹೇಳಿದೆ. ಹೇಳಿದ ಮೇಲೆ ಅದನ್ನು ಹೇಳಬಾರದಿತ್ತು ಅನಿಸಿತು.

ಅವಳು ಎದ್ದು ಹೋಗಿ ತನ್ನ ನೋಟ್‌ಬುಕ್ ತಂದು ನನ್ನ ಮುಂದೆ ತೆರೆದಿಟ್ಟಳು. ಅವಳನ್ನು ತೆಗೆಯುವವರೆಗೆ ನಾನು ಕಳಿಸಿದ್ದ ಅಷ್ಟೂ ವಿಡಿಯೋಗಳ ಮಾತು ಅದರಲ್ಲಿತ್ತು, ನಾನು ಕೆಮ್ಮಿ ಮತ್ತೆ ಹೇಳಿದ ವಾಕ್ಯಗಳೂ ಸೇರಿ. "ಇಲ್ಲಿ" ಎಂದು ನಾನು ಹೇಳಿದ ಕಡೆಯೆಲ್ಲ ಒಂದು ಸಣ್ಣ ಚೌಕ ಬರೆದು ಒಳಗೆ ಖಾಲಿ ಬಿಟ್ಟಿದ್ದಳು. ತಾನೇ ಒತ್ತಿ ನೋಡಿ ಖಾತ್ರಿಯಾದ ಮೇಲೆ ಆ ಚೌಕದಲ್ಲಿ ಗುಂಡಿಯ ಹೆಸರು ತುಂಬಿಸಿದ್ದಳು. ಮೂರನೆಯ ವಿಡಿಯೋದ ಪುಟದಲ್ಲಿ ಚೌಕದೊಳಗೆ ಪೆನ್ಸಿಲಿನಲ್ಲಿ ಕನ್ಫರ್ಮ್ ಎಂದು ಬರೆದು, ಮುಂದೆ ಪ್ರಶ್ನೆಯ ಗುರುತು ಹಾಕಿದ್ದಳು.

"ತಿಕೋಟಾದವರನ್ನ ಕೇಳಿ ಬರಕೊಂಡಿದ್ನಿ" ಎಂದಳು. "ಖಾತ್ರಿ ಇರಲಿಲ್ರಿ. ಅವತ್ತು ಮಂದಿ ಸಾಲಾಗಿ ನಿಂತಿದ್ರು, ಯಾವುದಾರ ಒಂದು ಒತ್ತಲೇಬೇಕಾಗಿತ್ತು."

ಅವಳು ಅಳಲಿಲ್ಲ, ಬೈಯಲಿಲ್ಲ. ಬಚ್ಚಲಲ್ಲಿ ಬಿದ್ದಿದ್ದ ಆ ತಾಯಿಯನ್ನು ನೋಡಲು ಹೋಗಿದ್ದಳಂತೆ. ಅವರು ಇವಳನ್ನು ಒಳಗೆ ಕರೆದು ಕೂರಿಸಿ ಮಾತಾಡಿಸಿದರಂತೆ. ಮಕ್ಕಳು ಮಾತ್ರ ಹೊರಗೆ ಹೋಗೆಂದರಂತೆ. ಈಗ ಇದೇ ಊರಿನಲ್ಲಿ ದಿನಾ ಅವರ ಮನೆಯ ಮುಂದೆಯೇ ಓಡಾಡಬೇಕು. ಮಂದಿಯ ಪಾಲಿಗೆ ತಾನು ತಪ್ಪು ಗುಳಿಗೆ ಕೊಟ್ಟವಳು, ಬೇರೆ ಕಡೆ ಕೆಲಸ ಕೇಳಲು ಹೋದರೂ ಮೊದಲು ಅದನ್ನೇ ಕೇಳುತ್ತಾರೆ ಎಂದಳು. ಆಮೇಲೆ ನನ್ನ ಮುಖ ನೋಡಿ ಹೇಳಿದಳು:

"ನನಗ ಆ ಕೆಲಸ ತಿರುಗಿ ಬ್ಯಾಡ್ರಿ ಅಕ್ಕಾರ. ಚಿತ್ರ ಕಾಣತಿರಲಿಲ್ಲ ಅಂತ ಒಂದು ಸಾಲು ಬರದು ಸಹಿ ಮಾಡಿ ಕೊಡ್ರಿ. ಅಷ್ಟ ಸಾಕು."

ನೋಡುತ್ತೇನೆ ಎಂದೆ. ನೋಡುತ್ತೇನೆ ಎಂದರೆ ಏನೆಂದು ಅವಳಿಗೂ ಗೊತ್ತಿತ್ತು. ಬಸ್ ಬರುವ ಹೊತ್ತಾಯಿತು ಎಂದು ತಾನೇ ಎದ್ದು, ರಸ್ತೆಯವರೆಗೆ ಬಂದು ಬಿಟ್ಟುಹೋದಳು.

ಆ ತಿಂಗಳು ನನ್ನ ಕರಾರು ಮುಂದುವರಿಯಿತು. ವಿಡಿಯೋಗಳನ್ನು ಎಲ್ಲ ಕಡೆ ತೆರೆಯುವ ಹಾಗೆ ಮಾಡಿದ್ದಕ್ಕೆ ಮೀಟಿಂಗಿನಲ್ಲಿ ಆಡಳಿತಾಧಿಕಾರಿ ನನ್ನನ್ನು ಹೊಗಳಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ಎದ್ದು ನಿಂತು ಕೈಮುಗಿದೆ. ಬಬಲೇಶ್ವರಕ್ಕೆ ಬಂದ ಹೊಸ ಹುಡುಗಿ ಎರಡೇ ದಿನದಲ್ಲಿ ಎಲ್ಲ ಕಲಿತಳು. ನಿಮ್ಮ ವಿಡಿಯೋ ನೋಡಿದರೆ ಯಾರಿಗಾದರೂ ಬರುತ್ತದೆ, ಮೊದಲಿದ್ದವರಿಗೆ ಹೇಗೆ ತಿಳಿಯಲಿಲ್ಲವೋ ಎಂದು ಅವಳು ನನ್ನ ಮುಂದೆಯೇ ಆಶ್ಚರ್ಯಪಟ್ಟಳು. ಆಗಲಾದರೂ ಹೇಳಬಹುದಿತ್ತು. ಹೇಳಲಿಲ್ಲ.

ಮುಂದಿನ ವರ್ಷ ಊರಿನ ಒಂದು ಕಾಲೇಜಿನಲ್ಲಿ ನನಗೆ ಬೇರೆ ಕೆಲಸ ಸಿಕ್ಕಿತು. ಆಸ್ಪತ್ರೆ ಬಿಟ್ಟ ವಾರದಲ್ಲಿ ಆ ಪತ್ರ ಬರೆದೆ. ಒಂದು ಸಾಲಲ್ಲ, ಎರಡು ಪುಟ. ವಿಡಿಯೋ ಕಪ್ಪಾಗಿತ್ತು, ಅವಳು ಫೋನ್ ಮಾಡಿದ್ದಳು, ನಾನು ಕೇಳಿಸಿಕೊಳ್ಳಲಿಲ್ಲ, ತಪ್ಪು ನನ್ನದು. ಒಂದು ಪ್ರತಿ ಆಸ್ಪತ್ರೆಗೆ, ಒಂದು ಅವಳಿಗೆ. ಆಸ್ಪತ್ರೆಯಿಂದ ಎರಡು ವಾಕ್ಯದ ಉತ್ತರ ಬಂತು. ಸದರಿ ಪ್ರಕರಣ ಮುಕ್ತಾಯವಾಗಿದೆ, ತಮ್ಮ ಪತ್ರವನ್ನು ಕಡತದಲ್ಲಿ ಇರಿಸಲಾಗಿದೆ.

ಅವಳಿಂದ ಉತ್ತರ ಬಾರದ್ದನ್ನು ನೋಡಿ ಒಂದು ಸಂಜೆ ನಾನೇ ಫೋನ್ ಮಾಡಿದೆ. ಹಿಂದೆ ಜನರ ಗದ್ದಲ ಕೇಳುತ್ತಿತ್ತು. ಒಣದ್ರಾಕ್ಷಿ ಆರಿಸುವ ಶೆಡ್ಡಿನಲ್ಲಿ ಕೆಲಸಕ್ಕೆ ಹೋಗುತ್ತಿದ್ದಾಳಂತೆ, ತಿಕೋಟಾದ ಕಡೆ, ಬೆಳಗ್ಗೆ ಟಂಟಂ ಗಾಡಿ ಬಂದು ಹೆಣ್ಣುಮಕ್ಕಳನ್ನೆಲ್ಲ ಕರೆದುಕೊಂಡು ಹೋಗುತ್ತದಂತೆ. ಪತ್ರ ಮುಟ್ಟಿತೇ ಎಂದು ಕೇಳಿದೆ.

"ಮುಟ್ಟೇತ್ರಿ" ಎಂದಳು. "ಅವಾಗ ಬೇಕಾಗಿತ್ರಿ ಅಕ್ಕಾರ. ಈಗ ಯಾರಿಗಿ ತೋರಸ್ಲಿ ಅದನ್ನ?" ಎಂದಳು.

ನಾನು ಏನೋ ಹೇಳಲು ಹೋದೆ. ಕೆಲಸದಲ್ಲಿದ್ದೇನೆ, ಇಡುತ್ತೇನೆ ಎಂದಳು.

ಅಪ್ಪ ಬಾಗಿಲ ಹತ್ತಿರ ಕೂತಿದ್ದರು. ಏನಂದಳು ಎಂದು ಕೇಳಿದರು. ಕೆಲಸದಲ್ಲಿದ್ದಾಳಂತೆ ಎಂದೆ. ಅವರು ತಲೆ ಅಲ್ಲಾಡಿಸಿ ಓಣಿಯ ಕಡೆ ನೋಡುತ್ತ ಕೂತರು.